ಮೂರು ವರ್ಷದಲ್ಲಿ ನಾನು ಹೇಳ್ತಿದ್ದ "ಗುಮ್ಮಾಮ" ಯಾವ ಭಾಷೆ?

ಪ್ರಶ್ನೆ:
ನಾನು ಕಾಸರಗೋಡಿನ ಬದಿಯಡ್ಕ ಹತ್ರದವ, ಆದ್ರೆ ಹುಟ್ಟಿದ್ದು ಕುವೈತಲ್ಲಿ. 1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ನುಗ್ಗಿದ ಮೇಲೆ ಭಾರತೀಯರನ್ನ ವಿಮಾನದಲ್ಲಿ ಊರಿಗೆ ತಂದ್ರಲ್ಲ, 1.7 ಲಕ್ಷದಷ್ಟು ಜನ, ಅದರಲ್ಲಿ ನಾವೂ ಇದ್ದೆವು, ನನಗಾಗ ಮೂರೂವರೆ. ಬಂದ ಸುರುವಿಗೆ ಬಾಯಾರಿದ್ರೆ "ಮೈ, ಮೈ" ಅಂತ ಅಳ್ತಿದ್ದೆನಂತೆ, ಅಜ್ಜಿ "ಎಂತ ಮಾಣಿ, ಮೈ ತೊರುಸುತ್ತೋ?" ಹೇಳಿ ಬೆನ್ನು ತುರಿಸಿ, ಎಣ್ಣೆ ಹಚ್ಚಿ, ಕೊನೆಗೆ ಬಿಸಿನೀರಲ್ಲಿ ಮೀಯಿಸಿಯೂ ಬಿಟ್ರಂತೆ. ಅದು ಅರಬ್ಬಿಯ ನೀರು ಅಂತ ಆಮೇಲೆ ಅಪ್ಪ ಹೇಳಿದ್ದು. ಇನ್ನೊಂದು ಶಬ್ದ ಮಾತ್ರ ಯಾರಿಗೂ ಗೊತ್ತಾಗ್ಲಿಲ್ಲ, "ಗುಮ್ಮಾಮ". ರಾತ್ರಿ ಅಂಗಳದಲ್ಲಿ ಮೇಲೆ ಕೈ ತೋರಿಸಿ ಹೇಳ್ತಿದ್ದೆ, ಗುಮ್ಮನಿಗೆ ಹೆದರಿದ್ದಾನೆ ಅಂತ ಒಳಗೆ ಎತ್ತಿಕೊಂಡು ಹೋಗ್ತಿದ್ರು. ಈಗಲೂ ಆ ಶಬ್ದ ನೆನಪಾದ್ರೆ ನನಗೆ ಖುಷಿಯೇ ಆಗುವುದು, ಹೆದರಿಕೆ ಅಲ್ಲ. ನಾನೇ ಕಟ್ಟಿದ್ದಾ ಇದು?

ಉತ್ತರ 1:
ಕಟ್ಟಿದ್ದೇ ಇರಬಹುದು. ನನ್ನ ತಂಗಿ ಬಾಳೆಹಣ್ಣಿಗೆ "ಪರ್ಂದುಪಳಂ" ಹೇಳ್ತಿದ್ಲು, ಮನೆಯ ತುಳು ಅರ್ಧ, ಪಕ್ಕದ ಮನೆಯ ಮಲಯಾಳ ಅರ್ಧ. ಕಾಸರಗೋಡಲ್ಲಿ ಇದಕ್ಕೆ ಕುವೈತಿಗೆ ಹೋಗ್ಬೇಕೂಂತಿಲ್ಲ.

ಉತ್ತರ 2:
ಉಪ್ಪಳದವ ನಾನು, ಕುವೈತಲ್ಲಿ ಹದಿನಾಲ್ಕು ವರ್ಷ ಇದ್ದೆ. ಚಂದ್ರನಿಗೆ ಪುಸ್ತಕದ ಅರಬ್ಬಿಯಲ್ಲಿ ಖಮರ್, ಆ ಕಡೆಯವರ ಬಾಯಲ್ಲಿ ಗುಮರ್, ನೀರಿಗೆ ಮಾಯ್. ಮನೇಲಿ ಅಮ್ಮ ಚಂದಮಾಮ ಹೇಳಿರ್ತಾರೆ, ಹೊರಗೆ ಯಾರೋ ಗುಮರ್ ಹೇಳಿರ್ತಾರೆ, ನೀವು ಎರಡನ್ನೂ ಬಿಡದೆ ಗುಮರ್‌ಮಾಮ, ಗುಮ್ಮಾಮ ಮಾಡಿದ್ದೀರಿ. ಮೇಲೆ ತೋರಿಸ್ತಿದ್ರಿ ಅಂದ್ರೆ ನನಗೇನೂ ಸಂಶಯ ಇಲ್ಲ ಮಾರಾಯ್ರೆ.

ಉತ್ತರ 3:
ಮರೆತ ಭಾಷೆ ಪೂರ್ತಿ ಹೋಗುವುದಿಲ್ಲ ಅಂತ ನನಗೂ ಅನ್ನಿಸ್ತದೆ. ಕೊರಿಯಾದಿಂದ ನೆದರ್ಲ್ಯಾಂಡ್ಸಿಗೆ ಚಿಕ್ಕದರಲ್ಲೇ ದತ್ತು ಹೋದವರ ಬಗ್ಗೆ 2017ರಲ್ಲಿ ಒಂದು ಅಧ್ಯಯನ ಬಂದಿತ್ತು, ಕೊರಿಯನ್ ಉಚ್ಚಾರ ಕಲಿಸಿದಾಗ ಅವರು ಬೇರೆ ಡಚ್ಚರಿಗಿಂತ ಚೆನ್ನಾಗಿ ಹಿಡಿದ್ರು, ಮಾತೇ ಬರುವ ಮೊದಲು ಹೋದವರು ಕೂಡ. ನೀವು ಅರಬ್ಬಿ ಕಲಿಯಿರಿ ಒಮ್ಮೆ.

ಪ್ರಶ್ನೆ ಕೇಳಿದವರು:
ಉಪ್ಪಳದಣ್ಣಾ, ಓದಿ ಕೈ ನಡುಗಿತು, ಕೂಡ್ಲೇ ಅಮ್ಮನಿಗೆ ಫೋನ್ ಮಾಡ್ದೆ. ಗುಮರ್ ಅಂದದ್ದೇ ತಡ ಅಮ್ಮನಿಗೆ ನೆನಪಾಯ್ತು, ಮೇಲಿನ ಮನೆಯ ಹೆಂಗಸು ದಿನಾ ಸಂಜೆ ನನ್ನನ್ನ ಟೆರೇಸಿಗೆ ಕರ್ಕೊಂಡು ಹೋಗ್ತಿದ್ರಂತೆ. ಇರಾಕಿನ ಬಸ್ರಾದವರು. ನಾವು ಕುವೈತ್ ಬಿಟ್ಟು ಬಸ್ಸು ಹತ್ತುವ ದಿನ ದಾರಿಗೆ ಅಂತ ಕುಬ್ಬೂಸ್ (ಅಲ್ಲಿಯ ರೊಟ್ಟಿ) ಕಟ್ಟಿ ಕೊಟ್ಟದ್ದೂ ಅವರೇ ಅಂತೆ.