ಸಹಾಯ ಬೇಕು: ಡ್ರೋನ್ ಫೋಟೋದಲ್ಲಿ ನಾಯ್ಸ್, ಇದು ಸಹಜವೋ ಸೆನ್ಸರ್ ದೋಷವೋ?

ನನ್ನ ಡ್ರೋನ್‌ನಲ್ಲಿರುವುದು 1/2 ಇಂಚಿನ, 48 ಮೆಗಾಪಿಕ್ಸೆಲ್ ಸೆನ್ಸರ್. ಮಧ್ಯಾಹ್ನದ ಫೋಟೋಗಳ ಬಗ್ಗೆ ತಕರಾರಿಲ್ಲ. ಸಂಜೆ ಅಡಿಕೆ ತೋಟದ ಮೇಲಿಂದ ತೆಗೆದರೆ ಮಾತ್ರ ನೆರಳಲ್ಲೆಲ್ಲ ರವೆ ಚೆಲ್ಲಿದ ಹಾಗೆ ನಾಯ್ಸ್ ಕಾಣುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100ಕ್ಕೇ ಇಟ್ಟು, ಶಟರ್ ನಿಧಾನ ಮಾಡಿ ನೋಡಿದೆ. ಸ್ವಲ್ಪ ಕಡಿಮೆಯಾಯಿತು, ಆದರೆ ಗಾಳಿ ಬಂದರೆ ಸೋಗೆಗಳು ಮಸುಕು. ಜೆಪೆಗ್‌ನಲ್ಲಿ ನಾಯ್ಸ್ ಇಲ್ಲ, ಎಲೆಗಳ ವಿವರವೂ ಇಲ್ಲ. ಕ್ಯಾಮೆರಾನೇ ಒರೆಸಿಬಿಡುತ್ತದೆ ಅಲ್ವಾ. ಕ್ಯಾಮೆರಾ ತಿದ್ದದ ಮೂಲ ಫೈಲು, ಅಂದರೆ ರಾ ಫೈಲಿನಲ್ಲಿ ಎರಡೂ ಇವೆ.

ಗೊಂದಲ ಇಲ್ಲಿದೆ. ಇದು ಕ್ವಾಡ್ ಬೇಯರ್ ಸೆನ್ಸರ್, ನಾಲ್ಕು ಪಿಕ್ಸೆಲ್ ಸೇರಿಸಿ 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ. 48ರ ಫೋಟೋವನ್ನು 100% ಗಾತ್ರದಲ್ಲಿ ನೋಡಿದರೆ ಭಯಂಕರ ನಾಯ್ಸ್. ಅದನ್ನೇ 12ಕ್ಕೆ ಇಳಿಸಿದರೆ ಅದೂ, ಕ್ಯಾಮೆರಾ ಕೊಟ್ಟ 12ರ ಫೋಟೋವೂ ಹೆಚ್ಚುಕಡಿಮೆ ಒಂದೇ.

ವಾರಂಟಿ ಮುಗಿಯುತ್ತಾ ಬಂತು. ಸೆನ್ಸರ್ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಯಾವ ಫೈಲನ್ನು, ಯಾವ ಗಾತ್ರದಲ್ಲಿ ನೋಡಬೇಕು? ಲೆನ್ಸ್ ಮುಚ್ಚಿ ಕಪ್ಪು ಫೋಟೋ ತೆಗೆದು ನೋಡಿದರೆ ಸಾಕಾ?