ಗೋಸುಂಬೆಯ ಒಂದು ಕಣ್ಣು ಹಗಲಲ್ಲೂ ಮುಚ್ಚೇ ಇರುತ್ತದೆ, ಏನು ಮಾಡಲಿ?

ಕಾವೇರಿತೀರ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಮಗಳು ಹಟ ಹಿಡಿದಳು ಅಂತ ಹೋದ ವರ್ಷ ವೇಲ್ಡ್ ಅನ್ನುವ ಜಾತಿಯ ಒಂದು ಗೋಸುಂಬೆ ಮರಿ ತಂದೆವು. ಗಂಡು, ಈಗ ಎಂಟು ತಿಂಗಳು. ಪಚ್ಚೆ ಅಂತ ಹೆಸರಿಟ್ಟಿದ್ದಾಳೆ. ನಾಲ್ಕು ದಿನದಿಂದ ಅದರ ಎಡಗಣ್ಣು ಮುಚ್ಚೇ ಇರುತ್ತದೆ. ಬೆಳಿಗ್ಗೆ ದೀಪ ಹಾಕಿದಾಗ ಒಂದು ಸೀಳಿನಷ್ಟು ತೆರೆಯುತ್ತದೆ, ಅರ್ಧ ಗಂಟೆಯೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕೆಳಗಡೆ ಸ್ವಲ್ಪ ಊದಿದ ಹಾಗೂ ಕಾಣುತ್ತಿದೆ. ಬಲಗಣ್ಣು ಚೆನ್ನಾಗಿಯೇ ಇದೆ. ನಿನ್ನೆ ಹುಳಕ್ಕೆ ನಾಲಿಗೆ ಬಿಟ್ಟು ಎರಡು ಸಲ ಗುರಿ ತಪ್ಪಿತು, ಆಮೇಲೆ ಸುಮ್ನೆ ಕೊಂಬೆ ಹಿಡಿದು ಕೂತುಬಿಟ್ಟಿತು. ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು.

ಜಾಲರಿ ಗೂಡು, ಕಿಟ್ ಜೊತೆ ಬಂದ ಸುರುಳಿ ಯುವಿಬಿ ಬಲ್ಬ್ (ಬಿಸಿಲಲ್ಲಿರುವಂಥ ಅತಿನೇರಳೆ ಕಿರಣ ಕೊಡುವುದು), ದಿನಕ್ಕೆ ಎರಡು ಸಲ ನೀರಿನ ಸ್ಪ್ರೇ. ಊಟಕ್ಕೆ ಕ್ರಿಕೆಟ್ ಹುಳ, ಮೇಲೆ ಕ್ಯಾಲ್ಸಿಯಂ ಪುಡಿ. ಬೇರೆ ವಿಟಮಿನ್ ಏನೂ ಕೊಟ್ಟಿಲ್ಲ. ಮನೆಯಲ್ಲಿ ಯಜಮಾನರ ಕಣ್ಣಿನ ಡ್ರಾಪ್ಸ್ ಉಳಿದಿದೆ, ಒಂದು ಹನಿ ಹಾಕಲಾ? ಹಾಸನದಿಂದ ಅಮ್ಮ ನಂದಿಬಟ್ಟಲು ಹೂವು ನೀರಲ್ಲಿ ನೆನೆಸಿ ಬಿಡು ಅನ್ನುತ್ತಿದ್ದಾರೆ.

ಹಸಿರುಕೊಂಬೆ:
ಅಕ್ಕ, ಮೊದಲು ಆ ಡ್ರಾಪ್ಸ್ ಪಕ್ಕಕ್ಕಿಡಿ. ಮನುಷ್ಯರ ಕಣ್ಣಿನ ಔಷಧಿ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಒಳಗೆ ಗೀರೋ ಹುಣ್ಣೋ ಆಗಿದ್ದರೆ ಸ್ಟೀರಾಯ್ಡ್ ಬಿದ್ದು ಇನ್ನೂ ಕೆಡುತ್ತದೆ. ನಂದಿಬಟ್ಟಲೂ ಬೇಡ, ಅಮ್ಮನಿಗೆ ನಯವಾಗಿ ಹೇಳಿ.

ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚಿ ಕೂತಿದೆ ಅಂದರೆ ಅದಕ್ಕೆ ಹುಷಾರಿಲ್ಲ ಅಂತಲೇ ಲೆಕ್ಕ. ಕಾಡಲ್ಲಿ ಸೊರಗಿದ್ದು ಕಂಡರೆ ಯಾವುದೋ ಹಕ್ಕಿ ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ಇವು ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಟ್ಟುಕೊಳ್ಳುತ್ತವೆ, ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ನನ್ನ ಮೊದಲನೆಯದು ಹೀಗೇ ಕಣ್ಣು ಮುಚ್ಚಿದಾಗ ನಾಳೆ ಸರಿಹೋಗುತ್ತದೆ ಅಂತ ಎರಡು ವಾರ ಕಾದೆ. ಉಳಿಯಲಿಲ್ಲ. ನೀವು ಕಾಯಬೇಡಿ.

ನನಗೆ ಅನುಮಾನ ಆ ಬಲ್ಬ್ ಮೇಲೆ. ಸುರುಳಿ ಬಲ್ಬಿನ ಯುವಿಬಿ ಸಣ್ಣ ಜಾಗದಲ್ಲಿ ಬೀಳುತ್ತದೆ. ಪ್ರಾಣಿ ತೀರಾ ಹತ್ತಿರ ಕೂತರೆ ಕಣ್ಣು ಉರಿಯುತ್ತದೆ, ವೆಲ್ಡಿಂಗ್ ಬೆಳಕು ನೋಡಿದವರಿಗೆ ರಾತ್ರಿ ಉರಿಯುತ್ತದಲ್ಲ, ಹಾಗೆ. ದೂರ ಕೂತರೆ ಏನೂ ಸಿಗುವುದಿಲ್ಲ. ಟಿ5 ಅನ್ನುವ ಉದ್ದ ಟ್ಯೂಬಿನ ಯುವಿಬಿ ದೀಪ ಹಾಕಿ, ಯುವಿಬಿ 6 ಪರ್ಸೆಂಟ್ ಇರುವುದು ಸಾಕು, ಬಿಸಿಲು ಕಾಯಿಸುವ ಕೊಂಬೆಯಿಂದ 8-9 ಇಂಚು ಮೇಲೆ. ಅಂದಹಾಗೆ, ಹಿಕ್ಕೆಯ ಜೊತೆ ಬರುವ ಗಟ್ಟಿ ಭಾಗ ಬೆಳ್ಳಗಿದೆಯಾ?

ಕಾವೇರಿತೀರ:
ಈಗ ಹೋಗಿ ನೋಡಿದೆ. ಹಳದಿ. ತುದಿಯಲ್ಲಿ ಕಿತ್ತಳೆ.

ಹೆಬ್ಬಾಳದ ಡಾಕ್ಟರಮ್ಮ:
ಹಾಗಾದರೆ ನೀರು ಸಾಲುತ್ತಿಲ್ಲ. ನಾನು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಓದಿದವಳು, ಈಗ ಇಂಗ್ಲೆಂಡಿನಲ್ಲಿ ಹಾವು, ಓತಿ, ಆಮೆಗಳನ್ನೇ ಜಾಸ್ತಿ ನೋಡುತ್ತೇನೆ. ಬಲ್ಬ್ ಬದಲಾಯಿಸಿ, ಅದು ಸರಿ. ಆದರೆ ಬೆಳಕಿನಿಂದಲೇ ಆಗಿದ್ದರೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ತೊಂದರೆ ಆಗಬೇಕಿತ್ತು, ಅಲ್ವಾ? ಒಂದೇ ಕಣ್ಣು ಅಂದರೆ ಒಳಗೆ ಏನೋ ಸಿಕ್ಕಿಕೊಂಡಿದೆಯಾ ಅಂತ ನಾನು ಮೊದಲು ನೋಡುತ್ತೇನೆ. ಮೈಯಿಂದ ಕಳಚಿದ ಪೊರೆಯ ಚೂರು, ಹುಳದ ಕಾಲು, ಮಣ್ಣಿನ ಕಣ. ಗೋಸುಂಬೆಯ ರೆಪ್ಪೆ ಪೂರ್ತಿ ಗುಡ್ಡೆಯನ್ನೇ ಮುಚ್ಚಿಕೊಂಡು ನಡುವೆ ಸಣ್ಣ ತೂತು ಮಾತ್ರ ಇರುತ್ತದೆ. ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಅದನ್ನು ತೊಳೆದುಕೊಳ್ಳುವುದು ಅದಕ್ಕೇ ಗೊತ್ತು, ನೀರು ಬೇಕು ಅಷ್ಟೇ. ಉಗುರುಬೆಚ್ಚಗಿನ ನೀರನ್ನು ಮಂಜಿನ ಹಾಗೆ ಐದಾರು ನಿಮಿಷ ಬಿಡಿ, ದಿನಕ್ಕೆ ಮೂರು ನಾಲ್ಕು ಸಲ. ನೇರ ಮುಖಕ್ಕೆ ಹೊಡೆಯಬೇಡಿ. ಕಣ್ಣನ್ನು ಚೆಂಡಿನ ಹಾಗೆ ಉಬ್ಬಿಸಿ ತಿರುಗಿಸುತ್ತದೆ, ಕೊಂಬೆಗೆ ಉಜ್ಜುತ್ತದೆ. ಮೊದಲ ಸಲ ನೋಡಿದವರಿಗೆ ಗಾಬರಿಯಾಗುತ್ತದೆ, ಆದರೆ ಅದು ಒಳ್ಳೆಯದೇ. ಕುಡಿಯುವುದೂ ಹೀಗೇ, ಎಲೆ ಮೇಲಿನ ಹನಿ ನೆಕ್ಕಿ. ಬಟ್ಟಲಲ್ಲಿ ನೀರಿಟ್ಟರೆ ಎಷ್ಟೋ ಗೋಸುಂಬೆಗಳಿಗೆ ಅದು ನೀರು ಅಂತಲೇ ಗೊತ್ತಾಗುವುದಿಲ್ಲ.

ಇನ್ನೊಂದು, ವಿಟಮಿನ್ ಎ. ಬರೀ ಕ್ಯಾಲ್ಸಿಯಂ ಕೊಟ್ಟು ಸಾಕಿದವುಗಳಲ್ಲಿ ಇದರ ಕೊರತೆಯಿಂದ ಕಣ್ಣು ಊದುವುದನ್ನು ತುಂಬಾ ನೋಡಿದ್ದೇನೆ. ತಿಂಗಳಿಗೆ ಎರಡು ಸಲ ರೆಟಿನಾಲ್ (ಅಂದರೆ ನೇರ ವಿಟಮಿನ್ ಎ) ಇರುವ ಮಲ್ಟಿವಿಟಮಿನ್ ಪುಡಿ ಬೇಕು. ಹುಳಗಳಿಗೆ ಕ್ಯಾರೆಟ್ ತಿನ್ನಿಸುವುದು ಒಳ್ಳೆಯದೇ, ಅದೊಂದನ್ನೇ ನಂಬಬೇಡಿ. ಆದರೆ ದಯವಿಟ್ಟು ಮೀನೆಣ್ಣೆ ಮಾತ್ರೆ ಒಡೆದು ಅಂದಾಜಿನ ಮೇಲೆ ಬಾಯಿಗೆ ಹಾಕಬೇಡಿ. ವಿಟಮಿನ್ ಎ ಜಾಸ್ತಿಯಾದರೆ ಚರ್ಮ ಸುಲಿದು ಬರುತ್ತದೆ, ಆಮೇಲೆ ಉಳಿಸುವುದು ಕಷ್ಟ.

ಇಷ್ಟೆಲ್ಲ ಮಾಡುತ್ತಲೇ ಈ ವಾರವೇ ಡಾಕ್ಟರ ಹತ್ತಿರ ಹೋಗಿ. ನಾಯಿ ಬೆಕ್ಕು ಮಾತ್ರ ನೋಡುವವರು ಬೇಡ. ಸರೀಸೃಪ ವೈದ್ಯರ ಸಂಘ ಎಆರ್‌ಎವಿ ಇದೆ, ಅವರ ಪಟ್ಟಿಯಲ್ಲಿ ಹುಡುಕಿ. ಕಣ್ಣಿಗೆ ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರೆ ಹುಣ್ಣಿದ್ದರೆ ತಿಳಿಯುತ್ತದೆ. ಗೂಡಿನ ಫೋಟೋ, ಬಲ್ಬಿನ ಡಬ್ಬ, ಪುಡಿ ಡಬ್ಬ, ತಾಜಾ ಹಿಕ್ಕೆ, ಎಲ್ಲ ತಗೊಂಡು ಹೋಗಿ.

ಶಿರಾ ರೈತ:
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಹೊಲದ ಬೇಲಿಯಲ್ಲಿ ಒಂದು ಗೋಸುಂಬೆ ಸಿಕ್ಕಿದೆ, ಹುಡುಗರು ಕಲ್ಲು ಹೊಡೆದು ಒಂದು ಕಣ್ಣು ಊದಿದೆ. ಅದಕ್ಕೆ ವಿಷ ಇದೆ ಅಂತ ಇಲ್ಲಿ ಎಲ್ಲರ ನಂಬಿಕೆ. ಮನೆಯಲ್ಲಿಟ್ಟು ವಾಸಿ ಮಾಡಬಹುದಾ?

ಹೆಬ್ಬಾಳದ ಡಾಕ್ಟರಮ್ಮ:
ಅಣ್ಣ, ವಿಷ ಒಂದು ಹನಿಯೂ ಇಲ್ಲ. ಉಳಿಸಬೇಕು ಅನ್ನಿಸಿತಲ್ಲ, ತುಂಬಾ ಸಂತೋಷ. ಆದರೆ ನಮ್ಮ ಗೋಸುಂಬೆ ಕಾಡುಪ್ರಾಣಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮನೆಯಲ್ಲಿ ಸಾಕುವ ಹಾಗಿಲ್ಲ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಒಂದು ಕೊಂಬೆ ಇಟ್ಟು, ಗೋಸುಂಬೆಯನ್ನು ಅದರೊಳಗೆ ಬಿಟ್ಟು, ಡಬ್ಬವನ್ನು ನೆರಳಲ್ಲಿಟ್ಟು ಈಗಲೇ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಆ ಹುಡುಗರಿಗೂ ಅದನ್ನು ಒಂದು ಸಲ ಹತ್ತಿರದಿಂದ ತೋರಿಸಿ.

ಕಾವೇರಿತೀರ:
ಒಂಬತ್ತು ದಿನ ಆಯಿತು, ಬರೆಯಲು ತಡವಾಯಿತು. ಮೊದಲು ಫೋನ್ ಮಾಡಿದ ಕ್ಲಿನಿಕ್ಕಿನವರು ಗೋಸುಂಬೆ ನೋಡುವುದಿಲ್ಲ ಅಂದರು. ಪಟ್ಟಿ ನೋಡಿ ಒಂದು ಗಂಟೆ ದೂರದಲ್ಲಿ ಒಬ್ಬರನ್ನು ಹಿಡಿದೆವು. ಅವರು ಸಲೈನಿನಲ್ಲಿ ನಿಧಾನವಾಗಿ ತೊಳೆದಾಗ ರೆಪ್ಪೆಯೊಳಗಿಂದ ಒಂದು ಪೊರೆ ಚೂರು ಬಂತು, ಅಕ್ಕಿ ನುಚ್ಚಿಗಿಂತ ಸಣ್ಣದು, ಒಣಗಿ ಮುದುಡಿತ್ತು. ಹುಣ್ಣಿಲ್ಲ, ಮೇಲೆ ಒಂದು ಗೀರು ಮಾತ್ರ. ಸ್ಟೀರಾಯ್ಡ್ ಇಲ್ಲದ ಆಂಟಿಬಯಾಟಿಕ್ ಹನಿ ಕೊಟ್ಟಿದ್ದಾರೆ. ಮನೆಗೆ ಬಂದು ಯಜಮಾನರ ಡ್ರಾಪ್ಸಿನ ಡಬ್ಬ ಓದಿದೆ, ಅದರಲ್ಲಿ ಸ್ಟೀರಾಯ್ಡ್ ಇತ್ತು. ಕೈ ನಡುಗಿತು.

ಟ್ಯೂಬ್ ಹಾಕಿದ್ದೇವೆ, ಸ್ಪ್ರೇ ನಾಲ್ಕು ಸಲ. ಹಿಕ್ಕೆ ಈಗ ಬೆಳ್ಳಗಿದೆ. ಇವತ್ತು ಬೆಳಿಗ್ಗೆ ಮಗಳು ಕೂಗಿ ಕರೆದಳು. ಪಚ್ಚೆಯ ಬಲಗಣ್ಣು ಅವಳ ಕೈಯಲ್ಲಿದ್ದ ಹುಳದ ಮೇಲೆ, ಎಡಗಣ್ಣು ಬಾಗಿಲಲ್ಲಿ ನಿಂತ ನನ್ನ ಮೇಲೆ.