ಹೆಂಗಸರ ಮೇಲಿನ ಹಿಂಸೆ ಕುರಿತ ಸಂಶೋಧನೆ ಎಣಿಸೋಕೆ ಸ್ಕೋಪಸ್ ಒಂದೇ ಸಾಕಾ?

ಡೊಂಬಿವಲಿ ಲೋಕಲ್: ಪಿಎಚ್‌ಡಿ ಎರಡನೇ ವರ್ಷ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹೆಂಗಸರ ಮೇಲಿನ ಹಿಂಸೆ ಬಗ್ಗೆ 2000ದಿಂದ ಈಚೆಗೆ ಎಷ್ಟು ಲೇಖನ ಬಂದಿವೆ, ಯಾವ ದೇಶದವರು ಬರೆದಿದ್ದಾರೆ ಅಂತ ಲೆಕ್ಕ ತೆಗೆಯಬೇಕು. ಸ್ಕೋಪಸ್ (ಸಂಶೋಧನಾ ಲೇಖನಗಳ ಡೇಟಾಬೇಸ್) ಒಂದೇ ಸಾಕು ಅಂತಾರೆ ಗೈಡ್. ಮಾಡಿದವರು ಹೇಳಿ ಪ್ಲೀಸ್.

ಕೋಥ್ರೂಡ್ ಕನ್ನಡಿಗ: ಡೇಟಾಬೇಸ್ ಆಮೇಲೆ ತಂಗಿ, ಮೊದಲು ಕೀವರ್ಡ್ ನೋಡು. ನಾನು ವೆಬ್ ಆಫ್ ಸೈನ್ಸ್ ಅನ್ನೋ ಅಂಥದೇ ಇನ್ನೊಂದು ಡೇಟಾಬೇಸ್ ಹಿಡಿದೆ. ಉಲ್ಲೇಖಗಳ ಸಮೇತ ಬೇಕಂದ್ರೆ ಒಂದು ಸಲಕ್ಕೆ 500 ಲೇಖನ ಮಾತ್ರ ಇಳಿಯುತ್ತವೆ. 19 ಫೈಲ್ ಇಳಿಸಿದೆ. ಹನ್ನೊಂದನೆಯದನ್ನು ಎರಡು ಸಲ ಇಳಿಸಿ ಹನ್ನೆರಡನೆಯದನ್ನು ಬಿಟ್ಟಿದ್ದು ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಅದಾದರೂ ಪರವಾಗಿಲ್ಲ. 'ಜಿಬಿವಿ' (ಜೆಂಡರ್ ಬೇಸ್ಡ್ ವಯಲೆನ್ಸ್, ಅಂದ್ರೆ ಲಿಂಗಾಧಾರಿತ ಹಿಂಸೆ) ಅಂತ ಹುಡುಕಿದ್ದೆ. ವಿಒಎಸ್‌ವ್ಯೂವರ್ ಸಾಫ್ಟ್‌ವೇರ್‌ನಲ್ಲಿ ಯಾವ ಪದಗಳು ಒಟ್ಟಿಗೆ ಬರುತ್ತವೆ ಅಂತ ನಕ್ಷೆ ಬಿಡಿಸಿದರೆ ಮೂಲೆಯಲ್ಲಿ ಹೆಪಟೈಟಿಸ್, ರಕ್ತದಾನ ಅಂತ ದೊಡ್ಡ ಹಸಿರು ಗುಂಪು! ಜಿಬಿವಿ-ಸಿ ಅನ್ನೋದು ಒಂದು ವೈರಸ್ಸು. ಅಷ್ಟರಲ್ಲಿ ಗೈಡ್‌ಗೆ ಅದನ್ನು 'ಆರೋಗ್ಯದ ಆಯಾಮ' ಅಂತ ವಿವರಿಸಿಯೂ ಆಗಿತ್ತು. ವರದಕ್ಷಿಣೆ ಸಾವು, ಆಸಿಡ್ ದಾಳಿ ಅನ್ನೋ ಪದ ಹಾಕಿರಲೇ ಇಲ್ಲ. ಮತ್ತೆ ಮೊದಲಿಂದ. ಫೆಲೋಶಿಪ್ ಮುಗಿದಿತ್ತು. ಏಳು ತಿಂಗಳ ಪಿಜಿ ಬಾಡಿಗೆ, 8,500ರಂತೆ, ಅಣ್ಣ ಕಟ್ಟಿದ. ಅತ್ತಿಗೆ ಈಗಲೂ ಆ ಮಾತು ತೆಗೆಯುತ್ತಾರೆ.

ಮಾಟುಂಗಾ ಅಕ್ಕ: ಕೀವರ್ಡ್ ಸರಿ ಮಾಡಿದ್ರೆ ಎಲ್ಲ ಸಿಕ್ಕಿಬಿಡುತ್ತಾ? ನಾನು ಸ್ಕೋಪಸ್ ಬಿಟ್ಟು ಕೈಯಲ್ಲೇ ಪಟ್ಟಿ ಮಾಡಿದೆ, ನಾಲ್ಕು ವರ್ಷ. ಇದೇ ಮುಂಬೈಯಲ್ಲಿ 1984ರಲ್ಲಿ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಟಿಸ್‌ನವರು (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಸ್ಪೆಷಲ್ ಸೆಲ್ ಶುರು ಮಾಡಿದರು. ಆಮೇಲೆ ಬಾಂದ್ರಾ ಭಾಭಾ ಆಸ್ಪತ್ರೆಯಲ್ಲಿ ಅಂಥವರಿಗೇ 'ದಿಲಾಸಾ' ಅನ್ನೋ ನೆರವು ಕೇಂದ್ರ ಬಂತು. ಅಂಥ ಕಡೆ ದಿನಾ ಕೂತು ಕೇಸ್ ಬರೆದುಕೊಂಡವರ ಕೆಲಸ ಎಷ್ಟೋ ವರದಿಗಳಲ್ಲಿದೆ, ಕಿರುಪುಸ್ತಕಗಳಲ್ಲಿದೆ, ಮರಾಠಿಯಲ್ಲಿದೆ. ಸ್ಕೋಪಸ್ ಪಾಲಿಗೆ ಅವರು ಹುಟ್ಟೇ ಇಲ್ಲ. ಜೆರಾಕ್ಸ್‌ಗೇ 6,340 ರೂಪಾಯಿ ಆಯ್ತು, ರಸೀದಿ ಇಟ್ಟಿದ್ದೇನೆ.

ವಾಸ್ಕೋ ಮಾಸ್ತರ: ಜೆರಾಕ್ಸ್ ಪುರಾಣ ಸಾಕು ಮಾರಾಯ್ರೆ. ಓಪನ್‌ಅಲೆಕ್ಸ್ ಅನ್ನೋ ಡೇಟಾಬೇಸ್ 2022ರಿಂದ ಪುಕ್ಕಟೆ ಇದೆ. ನನಗೆ ಒಂದು ಪೈಸೆ ಖರ್ಚಾಗಲಿಲ್ಲ. ಎರಡೆರಡು ಸಲ ಬಂದಿದ್ದನ್ನು ತೆಗೆಯೋಕೆ ಒಂದು ಮಳೆಗಾಲ ಪೂರ್ತಿ ಹೋಯ್ತು, ಅದು ಬೇರೆ. ನನ್ನ ತಲೆ ತಿಂದಿದ್ದು ದೇಶದ ಲೆಕ್ಕ. ಸಂದರ್ಶನ ಕೀನ್ಯಾದ ಹಳ್ಳಿಯಲ್ಲಿ. ಮೂವರು ಲೇಖಕರ ವಿಳಾಸ ಲಂಡನ್, ಒಬ್ಬರದು ನೈರೋಬಿ. ಲೇಖನ ಯಾರ ಖಾತೆಗೆ? ಇಡಿಯಾಗಿ ಎಣಿಸಿದ್ರೆ ಎರಡೂ ದೇಶಕ್ಕೆ ಒಂದೊಂದು, ಲೇಖಕರಿಗೆ ಹಂಚಿದ್ರೆ ಕೀನ್ಯಾಕ್ಕೆ ಕಾಲು ಭಾಗ. ನಾನು ಕಾಲು ಕೊಟ್ಟೆ. ಸರಿಯಾಗೇ ಕೊಟ್ಟೆ.

ಮಾಟುಂಗಾ ಅಕ್ಕ: ಪೆಟ್ಟು ತಿಂದವಳು ಕೀನ್ಯಾದವಳು, ನಿಮ್ಮ ಲೆಕ್ಕದಲ್ಲಿ ಅವಳ ದೇಶಕ್ಕೆ ಕಾಲು! ಪುಕ್ಕಟೆ ಡೇಟಾಕ್ಕೆ ತಕ್ಕ ಹಾಗೇ ಇದೆ ಮಾಸ್ತರೇ.

ವಾಸ್ಕೋ ಮಾಸ್ತರ: ನಾನು ಎಣಿಸಿದ್ದು ಬರೆದವರನ್ನು, ಪೆಟ್ಟನ್ನಲ್ಲ. ಓದಿ ಮಾತಾಡಿ.

ಕೋಥ್ರೂಡ್ ಕನ್ನಡಿಗ: ಪೆಟ್ಟಿನ ಲೆಕ್ಕವೂ ನೆಟ್ಟಗಿಲ್ಲ ಬಿಡಿ. ಎನ್‌ಎಫ್‌ಎಚ್‌ಎಸ್ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು 2015-16ರಲ್ಲಿ 20.6%, 2019-21ರಲ್ಲಿ 44.4%. ಅಷ್ಟರಲ್ಲೇ ನಮ್ಮ ಗಂಡಸರು ದುಪ್ಪಟ್ಟು ಕೆಟ್ಟರಾ?

ಮಾಟುಂಗಾ ಅಕ್ಕ: ಮೊದಲ ಸಲ ಕೇಳುವಾಗ ಅತ್ತೆ ಪಕ್ಕದಲ್ಲೇ ಕೂತಿದ್ದರೇನೋ.

ಕೋಥ್ರೂಡ್ ಕನ್ನಡಿಗ: ಯಾರೂ ಇಲ್ಲದಾಗ ಮಾತ್ರ ಆ ಪ್ರಶ್ನೆ ಕೇಳಬೇಕು ಅಂತ ನಿಯಮವೇ ಇದೆ ಅಕ್ಕಾ. ಆ ಸಮೀಕ್ಷೆ ನಡೆಸೋ ಐಐಪಿಎಸ್ ಸಂಸ್ಥೆ ನಿಮ್ಮ ಮುಂಬೈಯ ದೇವನಾರದಲ್ಲೇ ಇದೆ, ಹೋಗಿ ಕೇಳಿ.

ಮಾಟುಂಗಾ ಅಕ್ಕ: ಒಂದು ಕೋಣೆಯ ಮನೆಯಲ್ಲಿ ಯಾರೂ ಇಲ್ಲದಾಗ ಅಂದ್ರೆ ಯಾವಾಗ, ಪುಣೆಯವರೇ?

ಡೊಂಬಿವಲಿ ಲೋಕಲ್: ಹಾಗಾದ್ರೆ ಸ್ಕೋಪಸ್ ಸಾಕಾ, ಬೇಡ್ವಾ?

ವಾಸ್ಕೋ ಮಾಸ್ತರ: ಗೈಡ್ ಹೇಳಿದ ಹಾಗೆ ಮಾಡಮ್ಮ. ಅಕ್ಕೋರೇ, ಕಾಲು ಕೊಟ್ಟಿದ್ದು ಯಾಕೆ ತಪ್ಪು ಅಂತ ನೀವಿನ್ನೂ ಹೇಳಲಿಲ್ಲ.